ಗುಂಯ್‌ಗುಡುವ ಪೆಟ್ಟಿಗೆಗೆ ನಲವತ್ತೇಳರ ಮುದ್ರೆ

ಭಾನುವಾರ ಬೆಳಿಗ್ಗೆ ಐದೂಮುಕ್ಕಾಲು. ಬರ್ಲಿನ್ನಿನ ನಾಯ್‌ಕೋಲ್ನ್ ಬಡಾವಣೆಯ ಹಳೆಯ ಕಟ್ಟಡವೊಂದರ ಹಿತ್ತಲಂಗಳ. ಸಾಲಾಗಿ ಒರಗಿಸಿದ ಸೈಕಲ್ಲುಗಳು, ಬಣ್ಣಬಣ್ಣದ ಮುಚ್ಚಳದ ಕಸದ ಡಬ್ಬಿಗಳು, ಸುತ್ತ ಐದಂತಸ್ತಿನ ಮುಚ್ಚಿದ ಕಿಟಕಿಗಳು. ನೆಲಮಹಡಿಯ ಒಂದೇ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿದೆ. ಒಳಗೆ ಬೆಂಚಿನ ಮೇಲೆ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆಯೊಂದು ಹೊಟ್ಟೆ ಬಿಚ್ಚಿಕೊಂಡು ಮಲಗಿದೆ. ಅದರ ಮೇಲೆ ಬಾಗಿದ ಮುನಿಲಕ್ಷ್ಮಮ್ಮನವರ ಬಲಗೈಯಲ್ಲಿ ಸೋಲ್ಡರಿಂಗ್ ಐರನ್, ಎಡಗೈಯಲ್ಲಿ ಚಿಮಟ, ಹಣೆಗೆ ಕಟ್ಟಿದ ಭೂತಗನ್ನಡಿ. ಒಂದು ಬೆಸುಗೆ ಹಾಕುತ್ತಾರೆ. ಕಣ್ಣು ಕಿರಿದು ಮಾಡಿ ನೋಡುತ್ತಾರೆ.

"ಥೂ, ಮತ್ತೆ ಚೆನ್ನಾಗ್ ಬಂತು!" ಎಂದು ತಮ್ಮನ್ನೇ ಬೈದುಕೊಂಡು ಅದನ್ನು ಕರಗಿಸಿ ಕಿತ್ತು ಹಾಕುತ್ತಾರೆ.

ಇದು ಐದನೆಯ ಸಲ. ಕೆಲಸ ಕೆಟ್ಟಿತೆಂದು ಕೊರಗುವವರು ಲೋಕದ ತುಂಬ ಇದ್ದಾರೆ. ಕೆಲಸ ಕೆಡುತ್ತಿಲ್ಲವಲ್ಲ ಎಂದು ಬೆವರುತ್ತಿರುವವರು ಈ ಹೊತ್ತಿನಲ್ಲಿ ಬರ್ಲಿನ್ನಿನಲ್ಲಿ ಬಹುಶಃ ಇವರೊಬ್ಬರೇ.

ಇವತ್ತು ಸಂಜೆ ನಾಲ್ಕಕ್ಕೆ, ಕಾಲುವೆ ದಂಡೆಯ ಹಳೆಯ ಪಂಪ್‌ಹೌಸಿನಲ್ಲಿ ಒಸಾಕಾದ ಫುಮಿಯೆ ಇಸೊದಾ ಅವರ ಸಂಗೀತ ಕಛೇರಿ. ಅರವತ್ತೇಳು ವರ್ಷದ ಫುಮಿಯೆ ನುಡಿಸುವುದು ಜಪಾನಿನವರು 'ನಾಯ್ಸ್' ಎಂದೇ ಕರೆಯುವ ಸಂಗೀತ. ಅವರಿಗೆ ಮೈಕೂ ಬೇಡ, ತಂತಿವಾದ್ಯವೂ ಬೇಡ. ಸದ್ದುಗಳನ್ನು ಬೆರೆಸುವ ಒಂದು ಹಳೆಯ ಮಿಕ್ಸರ್ ಪೆಟ್ಟಿಗೆ, ಅದರಿಂದ ಹೊರಬರುವ ವೈರನ್ನು ತಿರುಗಿಸಿ ಅದರ ಒಳಕ್ಕೇ ಸಿಕ್ಕಿಸಿದರೆ ಆಯಿತು. ನಮ್ಮ ಸಭೆ ಸಮಾರಂಭಗಳಲ್ಲಿ ಮೈಕು ಸ್ಪೀಕರಿನ ಎದುರು ಬಂದಾಗ ಕುಂಯ್ಞ್ ಎಂದು ಕೂಗಿಕೊಳ್ಳುತ್ತದಲ್ಲ, ಆ ಕೂಗನ್ನು ಎಂಟು ತಿರುಗುಗುಂಡಿಗಳಲ್ಲಿ ಹಿಡಿದು, ಪಳಗಿಸಿ, ಹಾಡಿಸುವ ವಿದ್ಯೆ ಅದು. ಮೂವತ್ತಾರು ವರ್ಷದಿಂದ ಅವರು ಹಾಡಿಸುತ್ತಿರುವುದು ಈ ಒಂದೇ ಪೆಟ್ಟಿಗೆಯನ್ನು. ಅದು ನಿನ್ನೆ ಮುನಿಲಕ್ಷ್ಮಮ್ಮನವರ ಕೈಯಲ್ಲಿ ರಿಪೇರಿಯಾಯಿತು. ರಿಪೇರಿಯಾದದ್ದೇ ಅದಕ್ಕೆ ಬಂದ ಕೇಡು. ಪೆಟ್ಟಿಗೆ ಈಗ ಹಾಡುತ್ತಿಲ್ಲ.

ಈ ಎಡವಟ್ಟಿನ ಬೇರು ಬರ್ಲಿನ್ನಿನಲ್ಲಿಲ್ಲ, ಪೀಣ್ಯದಲ್ಲಿದೆ.

ನೆಲಮಂಗಲದ ಹತ್ತಿರದ ಊರಿನಿಂದ ಬೆಳಿಗ್ಗೆ ಆರೂಕಾಲರ ಬಸ್ಸು ಹಿಡಿದು ಮುನಿಲಕ್ಷ್ಮಮ್ಮ ಪೀಣ್ಯದ ಸ್ಟೆಬಿಲೈಜರ್ ಕಾರ್ಖಾನೆಗೆ ಬರತೊಡಗಿದಾಗ ಅವರಿಗೆ ಹತ್ತೊಂಬತ್ತು. ಆಗೆಲ್ಲ ಫ್ರಿಜ್ಜು, ಟಿವಿಗಳ ಪಕ್ಕದಲ್ಲಿ ಕೂತು ಕರೆಂಟು ಏರಿಳಿದಾಗ ಟಕ್ ಟಕ್ ಎನ್ನುತ್ತಿದ್ದ ಡಬ್ಬಿಗಳು ನೆನಪಿರಬಹುದು. ಹನ್ನೆರಡು ಹೆಂಗಸರು ಎದುರುಬದುರು ಕೂತು ದಿನಕ್ಕೆ ತಲಾ ನಲವತ್ತು ಡಬ್ಬಿ ಬೆಸೆಯುತ್ತಿದ್ದರು. ಎರಡನೆಯ ವರ್ಷಕ್ಕೇ ಮುನಿಲಕ್ಷ್ಮಮ್ಮ ಕೊನೆಯ ಬೆಂಚಿಗೆ ಬಡ್ತಿ ಪಡೆದರು. ಅಲ್ಲಿ ಕೆಲಸ ಕೈಯದ್ದಲ್ಲ, ಕಿವಿಯದ್ದು.

"ಡಬ್ಬಿ ಆನ್ ಮಾಡಿ ಕಿವಿಗಿಟ್ಕೋಬೇಕು. ಗುಂಯ್ ಅಂದ್ರೆ ರಿಜೆಕ್ಟು. ಅನ್ನಲಿಲ್ಲ ಅಂದ್ರೆ ಹಳದಿ ಸ್ಟಿಕ್ಕರ್ ಹಚ್ಚೋದು. 'ಪಾಸ್' ಅಂತ ಬರ್ದಿರೋದು, ಕೆಳಗಡೆ ನಂಬರು. ನಂದು ನಲವತ್ತೇಳು. ಒಂದು ಗುಂಯ್ ಮಿಸ್ ಆದ್ರೆ ಸೂಪರ್‌ವೈಜರ್ ಉದಯಕುಮಾರ್ ಸಾರ್ ಬಂದು, 'ಏನಮ್ಮ ನಲವತ್ತೇಳು, ಕಿವಿಗೆ ಹತ್ತಿ ಇಟ್ಕೊಂಡ್ ಬಂದಿದೀಯಾ?' ಅಂತ ಎಲ್ಲರೆದುರಿಗೆ ಕೇಳೋರು. ಹದಿನಾಲ್ಕು ವರ್ಷ ಸಾರ್ ಕೈಲಿ ಅನ್ನಿಸ್ಕೊಂಡಿದ್ದು ಮೂರೇ ಸಲ," ಎಂದು ಅವರು ಮೂರು ಬೆರಳು ಎತ್ತಿ ತೋರಿಸುತ್ತಾರೆ.

ಆ ಕಾರ್ಖಾನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಹಳೆಯ ಭಾಗ ತಂದುಕೊಟ್ಟರೆ ಮಾತ್ರ ಸ್ಟೋರಿನಲ್ಲಿ ಹೊಸದು ಕೊಡುತ್ತಿದ್ದರು. ಹಾಗಾಗಿ ಬಿಚ್ಚಿದ ಪ್ರತಿ ಭಾಗವನ್ನೂ ಒಂದು ರಟ್ಟಿಗೆ ಟೇಪು ಹಾಕಿ ಅಂಟಿಸಿ, ಎಲ್ಲಿಂದ ತೆಗೆದದ್ದೆಂದು ಪಕ್ಕದಲ್ಲೇ ಬರೆಯುವ ರೂಢಿ. ಬರ್ಲಿನ್ನಿನಲ್ಲಿ ಹಳೆಯದನ್ನು ಕೇಳುವವರು ಯಾರೂ ಇಲ್ಲ. ಆದರೂ ಅವರ ಬೆಂಚಿನ ಕೆಳಗೆ ರಟ್ಟುಗಳ ಕಟ್ಟು ಬೆಳೆಯುತ್ತಲೇ ಇದೆ. ಈ ಭಾನುವಾರದ ಕಥೆಯಲ್ಲಿ ಆ ರಟ್ಟುಗಳದ್ದೂ ಒಂದು ಪಾತ್ರವಿದೆ.

ಗಂಡ ರಾಮಸ್ವಾಮಿಗೆ ಇಲ್ಲಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿ ಸಂಸಾರ ಬರ್ಲಿನ್ನಿಗೆ ಬಂದಾಗ ಮಗಳು ಗಗನಾಗೆ ಮೂರು ವರ್ಷ. ಮೊದಲ ಮೂರು ವರ್ಷ ಮುನಿಲಕ್ಷ್ಮಮ್ಮ ಪಟ್ಟದ್ದು ನಿಶ್ಶಬ್ದದ ಕಷ್ಟ. ಕಿಟಕಿಗೆ ಎರಡೆರಡು ಗಾಜು, ಬೀದಿಯಲ್ಲಿ ಹಾರ್ನ್ ಇಲ್ಲ, ಪಕ್ಕದ ಮನೆಯವರು ಇದ್ದಾರೋ ಇಲ್ಲವೋ ತಿಳಿಯದು. ಮೇಲಾಗಿ ರೂಹೆಟ್ಸೈಟ್ ಎಂಬ ಮೌನದ ವೇಳೆ: ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಭಾನುವಾರವಾದರೆ ಇಡೀ ದಿನ, ಸದ್ದು ಮಾಡಕೂಡದು. "ಮಿಕ್ಸೀಲಿ ಚಟ್ನಿ ರುಬ್ಬಿದ್ರೆ ಕೆಳಗಿನ್ ಮನೆಯೋರು ಬಿಲ್ಡಿಂಗ್ ನೋಡ್ಕೊಳ್ಳೋ ಹೌಸ್‌ಮೈಸ್ಟರ್‌ಗೆ ಲೆಟರ್ ಹಾಕ್ಬಿಟ್ರು ಕಣ್ರೀ! ನಂಗೆ ಕಿವಿನೇ ಹೋಗ್ಬಿಡ್ತೇನೋ ಅನ್ಸೋದು. ರಾತ್ರಿ ಎದ್ದು ಫ್ರಿಜ್‌ಗೆ ಕಿವಿ ಇಟ್ಟು ಕೇಳ್ತಿದ್ದೆ. ಅದೊಂದಾದ್ರೂ ಮಾತಾಡ್ತಿತ್ತಲ್ಲ."

ಗಗನಾಳ ಶಿಶುವಿಹಾರದಲ್ಲಿ ಮಕ್ಕಳ ಆಟದ ಕೀಬೋರ್ಡ್ ಒಂದಿತ್ತು, ಜಪಾನಿನದ್ದು, ಕೆಟ್ಟು ಕೂತಿತ್ತು. ಒಂದು ಮಧ್ಯಾಹ್ನ ಮುನಿಲಕ್ಷ್ಮಮ್ಮ ಅದನ್ನು ಮನೆಗೊಯ್ದು ಮರುದಿನ ಸರಿಮಾಡಿ ತಂದಿಟ್ಟರು. ಅದೇ ಶಿಶುವಿಹಾರಕ್ಕೆ ಮಗನನ್ನು ಬಿಡಲು ಬರುತ್ತಿದ್ದ ಯೋಖೆನ್ ಎಂಬಾತ ಅದರ ತಳ ಬಿಚ್ಚಿ ಬೆಸುಗೆಗಳನ್ನು ನೋಡಿದ. ಹಳೆಯ ವಾದ್ಯಯಂತ್ರಗಳ ರಿಪೇರಿ ಅಂಗಡಿಯ ಮಾಲೀಕ ಆತ. "ಇದನ್ನು ಮಾಡಿದ ಯಂತ್ರ ಎಲ್ಲಿದೆ?" ಎಂದು ಕೇಳಿದನಂತೆ. ಶಿಶುವಿಹಾರದ ಟೀಚರು ಇವರತ್ತ ಬೆರಳು ತೋರಿಸಿದರು.

ಅಂದಿನಿಂದ ಹತ್ತು ವರ್ಷ ಆತನ ಅಂಗಡಿಯಲ್ಲೇ ಕೆಲಸ. ಮನೆಯಿರುವ ವಿಟ್ಟೆನಾವ್‌ನಿಂದ ಊ-ಎಂಟು ಮೆಟ್ರೋ ಹಿಡಿದರೆ ಅಂಗಡಿಯ ಹತ್ತಿರದ ಹರ್ಮನ್‌ಪ್ಲಾಟ್ಸ್‌ಗೆ ಅರ್ಧ ಗಂಟೆಯ ಮೇಲೆ. ದಿನಕ್ಕೆ ಆರೋ ಏಳೋ ಯಂತ್ರ, ಮುನ್ನೂರರಷ್ಟು ಬೆಸುಗೆ, ಎರಡು ಲೋಟ ಚಹಾ, ಡಬ್ಬಿಯಲ್ಲಿ ಚಿತ್ರಾನ್ನ. ಕಪಾಟಿನ ತುಂಬ ಎಂಬತ್ತರ ದಶಕದ ಜಪಾನಿ ಸಿಂಥಸೈಜರುಗಳು, ತಾಳದ ಪೆಟ್ಟಿಗೆಗಳು, ಪ್ರತಿಧ್ವನಿ ಮಾಡುವ ಯಂತ್ರಗಳು. ಇವನ್ನು ನುಡಿಸುವವರ ಹೆಸರು ಪೋಸ್ಟರಿನಲ್ಲಿ ಬರುತ್ತದೆ. ಇವು ನುಡಿಯುವಂತೆ ಮಾಡುವವರ ಹೆಸರು ಅಂಗಡಿಯ ಬಾಗಿಲ ಮೇಲೂ ಇಲ್ಲ. ಯೋಖೆನ್ ಹಾಕಿಸುತ್ತೇನೆಂದನಂತೆ. "ನಮ್ಮ ಹೆಸ್ರು ಬರೆಯೋಕೆ ಆ ಬಾಗ್ಲು ಸಾಲಲ್ಲ ಅಂದೆ," ಎಂದು ಮುನಿಲಕ್ಷ್ಮಮ್ಮ ನಗುತ್ತಾರೆ.

ರಿಪೇರಿ ಮುಗಿದ ಮೇಲೆ ಯಂತ್ರ ಸರಿಯಾಯಿತೋ ಇಲ್ಲವೋ ತಿಳಿಯಲು ಅದರಲ್ಲಿ ಮಾಡಿದ ಸಂಗೀತವನ್ನು ಕೇಳಬೇಕು. ಹಾಗೆ ಕೇಳಿ ಕೇಳಿ ಜಪಾನಿನ ಹಾಡು ಅವರ ಕಿವಿ ಸೇರಿತು. ಈಗ ಅವರಿಗೆ ಅದರ ಮೇಲೆ ಖಡಾಖಂಡಿತ ಅಭಿಪ್ರಾಯಗಳಿವೆ, ಕೇಳಿದವರಿಗೆ ಕಣ್ಣರಳಿಸಿ ಹೇಳುತ್ತಾರೆ. "ಅವ್ರ ಪಾಪ್ ಇದೆಯಲ್ಲ, ಅದು ಮದುವೆ ಮನೆ ಇದ್ದಂಗೆ. ಪಲ್ಲವಿ ಬಂತು ಅನ್ನೋಷ್ಟರಲ್ಲಿ ಇನ್ನೊಂದು ಪಲ್ಲವಿ ಬಂದು ನಿಂತಿರುತ್ತೆ. ಕೊನೇಲಿ ಇದ್ದಕ್ಕಿದ್ದಂಗೆ ಶ್ರುತಿ ಏರಿಸ್ತಾರೆ ನೋಡಿ, ಓಲಗದೋರು ಗಟ್ಟಿಮೇಳಕ್ಕೆ ಏರಿಸ್ತಾರಲ್ಲ, ಥೇಟ್ ಹಂಗೆ! ಎಲೆಕ್ಟ್ರಾನಿಕ್ ಅಂದ್ರೆ ಹೂ ಕಟ್ಟೋ ಕೆಲ್ಸ. ಎರಡು ಮಲ್ಲಿಗೆ, ಒಂದು ಮರುಗ, ಎರಡು ಮಲ್ಲಿಗೆ, ಒಂದು ಮರುಗ. ಕೈ ತಪ್ಪಂಗಿಲ್ಲ."

ಮತ್ತೆ ನಾಯ್ಸ್?

"ಅಯ್ಯೋ, ಅದ್ರ ಕಥೆ ಕೇಳ್ಬೇಡಿ!"

ಏಳು ವರ್ಷದ ಹಿಂದೆ ಯೋಖೆನ್ ಅವರನ್ನು ಮೊದಲ ಸಲ ನಾಯ್ಸ್ ಕಛೇರಿಗೆ ಕರೆದೊಯ್ದ. ಶುರುವಾಗಿ ಮೂರು ನಿಮಿಷವಾಗಿರಲಿಲ್ಲ, ಮುನಿಲಕ್ಷ್ಮಮ್ಮ ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಜನರ ಕಾಲು ದಾಟಿಕೊಂಡು, ವೇದಿಕೆಯ ಪಕ್ಕದ ಸೌಂಡಿನವನ ಬಳಿ ಹೋಗಿ, "ಎಲ್ಲೋ ಲೂಸ್ ಕನೆಕ್ಷನ್ ಆಗಿದೆ, ಐದು ನಿಮಿಷ ಕೊಡಿ, ನಾನು ಸರಿ ಮಾಡ್ತೀನಿ" ಎಂದರು. ಆತ ನಕ್ಕು ಅಲ್ಲೇ ಕುರ್ಚಿ ಹಾಕಿ ಕೂರಿಸಿದ. ಅರ್ಧ ಗಂಟೆ ಅವರು ಹಲ್ಲು ಕಚ್ಚಿ ಕೂತಿದ್ದರು. ಆಮೇಲೆ ಏನೋ ಆಯಿತು. ಆ ಗದ್ದಲದ ಒಳಗೆ ಪೀಣ್ಯದ ಹನ್ನೆರಡು ಬೆಂಚುಗಳ ಸದ್ದು, ಬಸ್ಸಿನ ಸದ್ದು, ಟ್ರಾನ್ಸ್‌ಫಾರ್ಮರಿನ ಸದ್ದು ಬಿಡಿಬಿಡಿಯಾಗಿ ಕೇಳತೊಡಗಿದವು. ಹದಿನಾಲ್ಕು ವರ್ಷ ತಾವು ರಿಜೆಕ್ಟ್ ಮಾಡಿದ್ದನ್ನೆಲ್ಲ ಯಾರೋ ಆಯ್ದುಕೊಂಡು ಬಂದು ಇಲ್ಲಿ ಪೇರಿಸಿಟ್ಟಂತೆ! ಅವತ್ತು ಮನೆಗೆ ಹೋಗುವಾಗ ಮೆಟ್ರೋದಲ್ಲಿ ಕೂರಲಾಗದೆ ನಿಂತುಕೊಂಡೇ ಹೋದರಂತೆ. ಅಂಥ ಹುರುಪು.

ಆಮೇಲೆ ಅವರು ತಪ್ಪಿಸಿದ ಕಛೇರಿಗಳು ಕಮ್ಮಿ. ರಾಮಸ್ವಾಮಿ ಒಂದಕ್ಕೂ ಬಂದವರಲ್ಲ. "ನನ್ ಹೆಂಡ್ತಿ ದುಡ್ಡು ಕೊಟ್ಟು ತಲೆನೋವು ತರ್ತಾಳೆ," ಎಂಬುದು ಅವರ ಮಾತು. ಪಾಪ್ ಮಾತ್ರ ಕೇಳುವ ಗಗನಾ, ಅಮ್ಮ ಅಡುಗೆಮನೆಯಲ್ಲಿ ನಾಯ್ಸ್ ಹಾಕಿದರೆ "ಅಮ್ಮಾ, ಬಿಟ್ಟೆ!" ಎಂದು, ಅಂದರೆ 'ದಯವಿಟ್ಟು' ಎಂದು, ಜರ್ಮನ್ನಿನಲ್ಲಿ ಬೇಡಿಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ.

ಇಷ್ಟೆಲ್ಲ ತಿಳಿದವರ ಕೈಯಲ್ಲೇ ತಪ್ಪಾಯಿತು.

ಫುಮಿಯೆ ಅವರ ಪೆಟ್ಟಿಗೆ ಶುಕ್ರವಾರ ಸಂಜೆ ಅಂಗಡಿಗೆ ಬಂತು. ಫುಮಿಯೆ ಜೊತೆಗಿರಲಿಲ್ಲ. ಮೇಲಿನ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: 'ರೈಲಿನಲ್ಲಿ ಬಿತ್ತು, ಸಾಕೆಟ್ ಮುರಿದಿದೆ.' ಶನಿವಾರ ಬೆಳಿಗ್ಗೆ ಮುನಿಲಕ್ಷ್ಮಮ್ಮ ಸಾಕೆಟ್ ಬದಲಿಸಿದರು. ಕಾಲು ಗಂಟೆಯ ಕೆಲಸ. ಅಲ್ಲಿಗೆ ಮುಚ್ಚಳ ಹಾಕಬೇಕಿತ್ತು. ಹಾಕುವ ಮುನ್ನ ಆನ್ ಮಾಡಿ ಕಿವಿಗಿಟ್ಟರು. ಗುಂಯ್ ಎಂದಿತು.

"ಕೈ ಸುಮ್ನಿರಲಿಲ್ಲ. ತಲೆ ಎಲ್ಲಿತ್ತೋ ಏನೋ. ಗುಂಯ್ ಕೇಳಿದ್ ತಕ್ಷಣ ನಾನು ಪೀಣ್ಯಕ್ಕೆ ಹೋಗ್ಬಿಟ್ಟೆ."

ಒಣಗಿದ ಹನ್ನೊಂದು ಕೆಪಾಸಿಟರ್ ತೆಗೆದು ಹೊಸವು ಹಾಕಿದರು. ಒಳಗಿನ ಗ್ರೌಂಡ್ ವೈರಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿತ್ತು, ಅದನ್ನು ತೆಗೆದು ಕನ್ನಡಿಯಂಥ ಬೆಸುಗೆ ಹಾಕಿದರು. ಕರಕರ ಎನ್ನುತ್ತಿದ್ದ ಮೂರನೆಯ ಗುಂಡಿಗೆ ಸ್ಪ್ರೇ ಹೊಡೆದು ಕೊಳೆ ತೊಳೆದರು. ಮತ್ತೆ ಕಿವಿಗಿಟ್ಟರು. ಪೆಟ್ಟಿಗೆ ಉಸಿರೆತ್ತಲಿಲ್ಲ. ತೃಪ್ತಿಯಿಂದ ಚಹಾ ಕುಡಿದರು.

ಮಧ್ಯಾಹ್ನ ಮೂರಕ್ಕೆ ಫುಮಿಯೆ ಬಂದರು. ಕಪ್ಪು ಕೋಟು, ಗಿಡ್ಡ ಬಿಳಿಗೂದಲು, ಮೆಲುದನಿ. ವೈರನ್ನು ತಿರುಗಿಸಿ ಸಿಕ್ಕಿಸಿ ಒಂದು ಗುಂಡಿ ತಿರುಗಿಸಿದರು. ಶುದ್ಧವಾದ, ತೆಳ್ಳನೆಯ ಒಂದು ಶಿಳ್ಳೆ ಬಂತು. ಇನ್ನೊಂದು ತಿರುಗಿಸಿದರು. ಅದೇ ಶಿಳ್ಳೆ. ಎಂಟನ್ನೂ ತಿರುಗಿಸಿ ನೋಡಿ ಕೈ ತೆಗೆದರು. ಇಬ್ಬರಿಗೂ ಇದ್ದದ್ದು ಮುರುಕು ಇಂಗ್ಲಿಷೇ. ಅದರಲ್ಲೇ ಫುಮಿಯೆ ಹೇಳಿದರು: "ತುಂಬಾ ಒಳ್ಳೆಯ ಕೆಲಸ, ಮುನಿ-ಸಾನ್. ಆದರೆ ಇದು ಈಗ ನನ್ನ ಪೆಟ್ಟಿಗೆಯಲ್ಲ." ತಲೆ ಬಾಗಿ ವಂದಿಸಿ, ಪೆಟ್ಟಿಗೆಯನ್ನು ಬೆಂಚಿನ ಮೇಲೇ ಬಿಟ್ಟು, ಯೋಖೆನ್ ಕೊಟ್ಟ ಬದಲಿ ಮಿಕ್ಸರ್ ಎತ್ತಿಕೊಂಡು ಹೊರಟರು.

"ಬೈದಿದ್ರೆ ತಡ್ಕೋತಿದ್ದೆ," ಎನ್ನುತ್ತಾರೆ ಮುನಿಲಕ್ಷ್ಮಮ್ಮ. "ಉದಯಕುಮಾರ್ ಸಾರ್ ಬೈಗುಳ ತಿಂದಿರೋ ಜೀವ ನಂದು. ಬಗ್ಗಿ ನಮಸ್ಕಾರ ಮಾಡ್ಬಿಟ್ರಲ್ಲ, ಅದು ಇಳೀಲೇ ಇಲ್ಲ."

ರಾತ್ರಿ ಊಟದ ಹೊತ್ತಿಗೆ ಯೋಖೆನ್‌ನ ಫೋನಿಗೆ ಫುಮಿಯೆ ಅವರ ಸಂದೇಶ ಬಂತು. ಬದಲಿ ಮಿಕ್ಸರಿನಲ್ಲಿ ನುಡಿಸಲು ತಮ್ಮಿಂದ ಆಗುತ್ತಿಲ್ಲ. ಹಳೆಯ ಪೆಟ್ಟಿಗೆಯನ್ನು ಇದ್ದ ಹಾಗೆ ಮಾಡಲು ಸಾಧ್ಯವಾದರೆ ಸರಿ, ಇಲ್ಲದಿದ್ದರೆ ಬರ್ಲಿನ್ ಕಛೇರಿ ಬೇಡ. ಯೋಖೆನ್ ಅದನ್ನು ಹಾಗೆಯೇ ಇವರಿಗೆ ಕಳಿಸಿದ. ಮರುದಿನ ಭಾನುವಾರ. ಭಾನುವಾರ ಈ ದೇಶದಲ್ಲಿ ಒಂದು ಸ್ಕ್ರೂ ಕೂಡ ಕೊಳ್ಳಲು ಸಿಗುವುದಿಲ್ಲ. ಆದರೆ ಕೊಳ್ಳಬೇಕಾದದ್ದೇನೂ ಇರಲಿಲ್ಲ. ಹನ್ನೊಂದು ಹಳೆಯ ಕೆಪಾಸಿಟರುಗಳೂ ಬೆಂಚಿನ ಕೆಳಗೆ ರಟ್ಟಿನ ಮೇಲೆ, ಒಂದರಿಂದ ಹನ್ನೊಂದು, ಟೇಪಿನಡಿ ಮಲಗಿದ್ದವು.

ಹಾಗಾಗಿ ಈ ಬೆಳಗು. ಐದೂವರೆಯ ಹೊತ್ತಿಗೇ ಹನ್ನೊಂದೂ ತಮ್ಮ ತಮ್ಮ ಮನೆ ಸೇರಿವೆ. ಅಪಾಯವಾಗದಿರಲೆಂದು ಒಂದು ಹೊಸ ಫ್ಯೂಸ್ ಮಾತ್ರ ಹಾಕಿದ್ದಾರೆ. "ಅದನ್ನ ತೆಗಿ ಅಂದ್ರೂ ತೆಗೆಯಲ್ಲ. ಶಾಕ್ ಹೊಡೆಯೋದು ಮ್ಯೂಸಿಕ್ ಅಲ್ಲ." ಹೆಡ್‌ಫೋನ್ ಹಾಕಿ ಕೇಳಿದರೆ ಗುಂಯ್ ಬಂದಿದೆ. ಆದರೆ ನಡುಗುತ್ತಿಲ್ಲ. ಹಳೆಯ ದನಿಯಲ್ಲಿ ಒಂದು ಅದುರು ಇತ್ತು, ಮುದುಕಿಯ ಕೊರಳಿನ ಅದುರು. ಅದು ಇದ್ದದ್ದು ಆ ಬಿರುಕು ಬಿಟ್ಟ ಬೆಸುಗೆಯಲ್ಲಿ.

ಬಿರುಕನ್ನು ರಟ್ಟಿಗೆ ಅಂಟಿಸಿಡಲು ಬರುವುದಿಲ್ಲ. ಹೊಸದಾಗಿಯೇ ಮಾಡಬೇಕು. ಮಾಡಲು ಕೂತರೆ ಕೈ ಒಪ್ಪುತ್ತಿಲ್ಲ! ಐರನ್ ತಣ್ಣಗೆ ಮಾಡಿದರೂ ಬೆಸುಗೆ ಹೊಳೆಯುತ್ತದೆ. ವೈರು ಅಲುಗಿಸಿದರೂ ಹೊಳೆಯುತ್ತದೆ. ಎಡಗೈಯಲ್ಲಿ ಹಾಕಿದರೂ ಮುತ್ತಿನಂತೆ ಕೂರುತ್ತದೆ. ಆರು, ಏಳು, ಎಂಟು. ಎಂಟನೆಯದನ್ನು ಕಿತ್ತು ಹಾಕಿ ಭೂತಗನ್ನಡಿ ಮೇಲಕ್ಕೆ ಸರಿಸಿ ಕೂತುಬಿಡುತ್ತಾರೆ. ಚಹಾ ಬಗ್ಗಿಸಿಕೊಳ್ಳುತ್ತಾರೆ. ಬಿಸಿಯಿದೆ. ಊದುತ್ತಾರೆ.

ಲೋಟ ಹಾಗೇ ನಿಲ್ಲುತ್ತದೆ.

"ಊದೋದು!" ಎಂದು ಖಾಲಿ ಕೋಣೆಯಲ್ಲಿ ಕೂಗಿಕೊಳ್ಳುತ್ತಾರೆ.

ಕಾರ್ಖಾನೆಗೆ ಸೇರಿದ ಮೊದಲ ವಾರ ಹತ್ತೊಂಬತ್ತರ ಹುಡುಗಿ ಪ್ರತಿ ಬೆಸುಗೆಯನ್ನೂ ಬೇಗ ಆರಲೆಂದು ಉಫ್ ಎಂದು ಊದುತ್ತಿದ್ದಳು. ಊದಿದ ಬೆಸುಗೆ ಮಂಕಾಗಿ, ಒಳಗೊಳಗೇ ಸೀಳುತ್ತದೆ. ಉದಯಕುಮಾರ್ ಸಾರ್ ಹಿಂದಿನಿಂದ ಬಂದು, "ಇದೇನು ಕಾಫೀನಾ ತಾಯಿ, ಊದಿ ಕುಡಿಯೋಕೆ?" ಎಂದಿದ್ದರು. ಇಡೀ ಸಾಲು ನಕ್ಕಿತ್ತು. ಅವತ್ತಿನಿಂದ ಮೂವತ್ತು ವರ್ಷ ಅವರು ಒಂದು ಬೆಸುಗೆಯನ್ನೂ ಊದಿಲ್ಲ.

ಒಂಬತ್ತನೆಯದನ್ನು ಹಾಕುತ್ತಾರೆ. ಬಗ್ಗಿ, ತುಟಿ ಮುಂದೆ ಮಾಡಿ, ಊದುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ಮಂಕು ಬೂದು ಉಂಡೆ, ಅದರ ಅಂಚಿಗೆ ಕೂದಲೆಳೆಯ ಗೆರೆ. ಹೆಡ್‌ಫೋನ್ ಸಿಕ್ಕಿಸುವ ಅವಸರದಲ್ಲಿ ಪ್ಲಗ್ಗು ಅರ್ಧಕ್ಕೇ ನಿಂತದ್ದು ಅವರಿಗೆ ಗೊತ್ತಾಗುವುದಿಲ್ಲ. ವೈರು ತಿರುಗಿಸಿ, ಮೊದಲ ಗುಂಡಿ ತಿರುಗಿಸುತ್ತಾರೆ.

ಬೆಂಚಿನ ಸ್ಪೀಕರಿನಿಂದ ಹೊರಟ ಸದ್ದು ಕಿಟಕಿ ಹಾಯ್ದು, ಹಿತ್ತಲಂಗಳದ ಐದಂತಸ್ತಿನ ಗೋಡೆಗೆ ಬಡಿದು, ಸೈಕಲ್ಲುಗಳ ಗಂಟೆಗಳನ್ನೆಲ್ಲ ನಡುಗಿಸುತ್ತದೆ. ಕೆಳಗಿನಿಂದ ಗುಂಯ್, ಅದರ ಮೇಲೆ ಅದುರುವ ಕೊರಳು, ಅದರ ಮೇಲೆ ಕಿಡಿ ಕಾರುವ ಕೂಗು! ಮೂರನೆಯ ಮಹಡಿಯ ಕಿಟಕಿ ದಡಾರನೆ ತೆರೆಯುತ್ತದೆ. ರಾತ್ರಿಯ ಅಂಗಿಯ ಹೆಂಗಸೊಬ್ಬರು ಬಗ್ಗಿ ಅರಚುತ್ತಾರೆ: "ರೂಹೆ! ಇವತ್ತು ಭಾನುವಾರ! ಇದೇನು ಹಿಂಸೆ ಇದು!"

"ಎಂಟ್‌ಶುಲ್ಡಿಗುಂಗ್! ಕ್ಷಮಿಸಿ! ಸರಿಹೋಯ್ತು! ಸರಿಹೋಯ್ತು!" ಎಂದು ಮುನಿಲಕ್ಷ್ಮಮ್ಮ ಎರಡೂ ಕೈ ಮೇಲೆತ್ತಿ ಕೂಗುತ್ತಾರೆ. ಕ್ಷಮೆ ಕೇಳುವವರ ಮುಖ ಅಷ್ಟೊಂದು ಅರಳಿದ್ದನ್ನು ಆ ಹೆಂಗಸು ಹಿಂದೆಂದೂ ಕಂಡಿರಲಾರರು.

ಮಧ್ಯಾಹ್ನ ಎರಡೂವರೆಗೆ ಪಂಪ್‌ಹೌಸಿನ ವೇದಿಕೆಯ ಮೇಲೆ ಫುಮಿಯೆ ಪೆಟ್ಟಿಗೆಯ ಮುಂದೆ ಕೂತಿದ್ದಾರೆ. ಮುನಿಲಕ್ಷ್ಮಮ್ಮ ನಿಂತಿದ್ದಾರೆ, ಪರೀಕ್ಷೆಯ ಫಲಿತಾಂಶಕ್ಕೆ ನಿಂತವರಂತೆ ಸೆರಗಿಲ್ಲದ ಸ್ವೆಟರಿನ ಅಂಚನ್ನೇ ಹಿಂಡುತ್ತ. ಯೋಖೆನ್ ಕಿವಿಯ ಬಳಿ ಬಂದು, "ಮುನಿ, ಸ್ಕ್ರೂಡ್ರೈವರ್ ಇಲ್ಲಿ ಕೊಟ್ಟುಬಿಡು," ಎಂದು ಕಿಚಾಯಿಸುತ್ತಾನೆ.

ಫುಮಿಯೆ ಒಂದನೆಯ ಗುಂಡಿ ತಿರುಗಿಸುತ್ತಾರೆ. ಎರಡನೆಯದು. ಅವರ ಹೆಗಲು ಇಳಿಯುತ್ತದೆ. ಕಣ್ಣು ಮುಚ್ಚುತ್ತಾರೆ. ಮೂರನೆಯದನ್ನು ತಿರುಗಿಸಿ, ತಲೆ ಓರೆ ಮಾಡಿ, "ಇದು ಮಾತಾಡುತ್ತಿಲ್ಲ," ಎನ್ನುತ್ತಾರೆ.

"ಅದ್ರ ಕೊಳೆ ತೊಳೆದುಬಿಟ್ಟೆ. ಎಲ್ಲ ವಾಪಸ್ ತಂದೆ, ಕೊಳೆ ತರೋಕಾಗ್ಲಿಲ್ಲ. ತಪ್ಪಾಯ್ತು," ಎನ್ನುತ್ತಾರೆ ಮುನಿಲಕ್ಷ್ಮಮ್ಮ.

ಫುಮಿಯೆ ಕ್ಷಣ ಹೊತ್ತು ಆ ಗುಂಡಿಯನ್ನೇ ನೋಡುತ್ತಾರೆ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. "ಇಪ್ಪತ್ತು ವರ್ಷ ಕಾಯೋಣ ಬಿಡಿ. ಕೊಳೆ ತಾನೇ ಬರುತ್ತದೆ. ಆಗ ನನಗೆ ಎಂಬತ್ತೇಳು."

ಆಮೇಲೆ ಇನ್ನೊಂದು ಸಂಗತಿ ಹೇಳುತ್ತಾರೆ. ಒಸಾಕಾದಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ತೂಗುತ್ತದೆ, ಬರ್ಲಿನ್ನಿನಲ್ಲಿ ಐವತ್ತು. ಹಾಗಾಗಿ ಪೆಟ್ಟಿಗೆ ಇಲ್ಲಿಗೆ ಬಂದಾಗಲೆಲ್ಲ ಸ್ವಲ್ಪ ಕೆಳಗಿನ ಶ್ರುತಿಯಲ್ಲಿ ಗುಂಯ್ ಎನ್ನುತ್ತದೆ. ತಮಗೆ ಆಗ ಪರದೇಶಕ್ಕೆ ಬಂದದ್ದು ಅರಿವಾಗುತ್ತದೆ. ಮುನಿಲಕ್ಷ್ಮಮ್ಮ ಗಲ್ಲಕ್ಕೆ ಕೈ ಹಚ್ಚುತ್ತಾರೆ. ಪೀಣ್ಯದ್ದೂ ಐವತ್ತೇ! "ಅದಕ್ಕೇ ನಂಗೆ ಹಂಗಾಗಿದ್ದು! ನಿಮ್ಗೆ ಪರದೇಶದ್ ಶ್ರುತಿ, ನಂಗೆ ನಮ್ಮೂರಿನ ಶ್ರುತಿ ಇದು. ನಾನೊಂದ್ಸಲ ಒಸಾಕಾಗೆ ಬಂದು ಅರವತ್ತರದ್ದು ಕೇಳ್ಬೇಕು."

ಮುಚ್ಚಳ ಹಾಕುವ ಮುನ್ನ ಫುಮಿಯೆ ಅದರ ಒಳಮೈ ತೋರಿಸುತ್ತಾರೆ. ಪೆಟ್ಟಿಗೆ ಮಾಡಿದವನ ಹೆಸರು, ಇಸವಿ ಅಲ್ಲಿ ಪೆನ್ಸಿಲಿನಲ್ಲಿ ಜಪಾನಿಯಲ್ಲಿವೆ. ಕೆಳಗೆ ಜಾಗ ಖಾಲಿಯಿದೆ. ನಿಮ್ಮದನ್ನೂ ಬರೆಯಿರಿ ಎನ್ನುತ್ತಾರೆ. ಮುನಿಲಕ್ಷ್ಮಮ್ಮ ಪೆನ್ಸಿಲ್ ತೆಗೆದುಕೊಳ್ಳುವುದಿಲ್ಲ. ಚೀಲದೊಳಗಿನ ಉಪಕರಣದ ಡಬ್ಬಿ ತೆಗೆದು, ತಳದಿಂದ ಮಡಚಿದ ಹಾಳೆಯೊಂದನ್ನು ಎಳೆಯುತ್ತಾರೆ. ಕಾರ್ಖಾನೆಯ ಕೊನೆಯ ದಿನ ಉಳಿದಿದ್ದ ಅರ್ಧ ಹಾಳೆ ಸ್ಟಿಕ್ಕರುಗಳು. ಬರ್ಲಿನ್ನಿಗೆ ಬಂದ ಮೇಲೆ ಒಂದನ್ನೂ ಬಿಡಿಸಿರಲಿಲ್ಲ. ಅಂಟು ಒಣಗಿದೆ, ಯೋಖೆನ್ ಗೋಂದು ತಂದುಕೊಡುತ್ತಾನೆ. ಜಪಾನಿ ಅಕ್ಷರಗಳ ಕೆಳಗೆ ಹಳದಿ ಬಿಲ್ಲೆ ಕೂರುತ್ತದೆ: ಪಾಸ್, 47.

"ಗುಂಯ್ ಅನ್ನೋದಕ್ಕೆ ಇದ್ನ ಹಚ್ಚಿದ್ದು ಜೀವಮಾನದಲ್ಲಿ ಇದೇ ಮೊದ್ಲು," ಎಂದು ಹೆಬ್ಬೆರಳಿನಿಂದ ಒತ್ತುತ್ತಾರೆ.

ನಾಲ್ಕು ಗಂಟೆ. ಎಂಬತ್ತು ಕುರ್ಚಿಯೂ ತುಂಬಿವೆ. ಕೊನೆಯ ಸಾಲಿನಲ್ಲಿ ಮುನಿಲಕ್ಷ್ಮಮ್ಮ, ಪಕ್ಕದಲ್ಲಿ ಮೊದಲ ಬಾರಿಗೆ ರಾಮಸ್ವಾಮಿ. ಹೆಂಡತಿ ನಸುಕಿನಲ್ಲೆದ್ದು ಓಡಿದ್ದು ಯಾತಕ್ಕೆಂದು ನೋಡಿಯೇಬಿಡೋಣವೆಂದು ಬಂದಿದ್ದಾರೆ, ಕಿವಿಗೆ ಹತ್ತಿ ಸಿದ್ಧವಿದೆ. ಫುಮಿಯೆ ಗುಂಡಿ ತಿರುಗಿಸುತ್ತಾರೆ. ಗೋಡೆಗಳ ಒಳಗಿನಿಂದ ಎದ್ದಂತೆ ಗುಂಯ್ ಏಳುತ್ತದೆ, ಅದುರುತ್ತದೆ, ಒಡೆಯುತ್ತದೆ.

ಎರಡು ನಿಮಿಷ ಕಳೆಯುತ್ತದೆ. ರಾಮಸ್ವಾಮಿ ತಡೆಯಲಾರದೆ ಬಗ್ಗಿ ಪಿಸುಗುಡುತ್ತಾರೆ: "ಏ ಮುನಿ, ಅದ್ರಲ್ಲಿ ಎಲ್ಲೋ ಲೂಸ್ ಕನೆಕ್ಷನ್ ಆಗೈತೆ ಕಣೆ. ಪಾಪ, ಆಯಮ್ಮಂಗೆ ಹೋಗಿ ಹೇಳ್ಬಾರ್ದಾ?"

ಮುನಿಲಕ್ಷ್ಮಮ್ಮ ವೇದಿಕೆಯಿಂದ ಕಣ್ಣು ಕೀಳದೆ ಹೇಳುತ್ತಾರೆ:

"ಸುಮ್ನೆ ಕೂತ್ಕೊಳ್ರೀ. ಆ ಲೂಸ್ ಕನೆಕ್ಷನ್ ಹಾಕಿರೋದೇ ನಾನು."